ಎರಡನೆಯ ಕಣ್ಣು

ಚಂದ್ರಮಂಡಲದ ಕುಳಿಯೊಂದರ ಛಾಯಾಚಿತ್ರವನ್ನು, ಸೂರ್ಯನ ಬೆಳಕು ಅದರ ಮೇಲಂಚಿನ ಕಡೆಯಿಂದ ಬಿದ್ದಿರುವಂತೆ ಎದುರಿಗಿಟ್ಟುಕೊಂಡು ನೋಡಿದರೆ, ನೆಲವು ದುಂಡಗೆ ತಗ್ಗಿಳಿದಿರುವುದು ಸ್ಪಷ್ಟವಾಗಿ ತೋರುತ್ತದೆ. ಅದೇ ಚಿತ್ರವನ್ನು ತಲೆಕೆಳಗಾಗಿ ತಿರುಗಿಸಿದ ಮರುಕ್ಷಣವೇ ಆ ತಗ್ಗು ಮಾಯವಾಗಿ ಅದರ ಸ್ಥಾನದಲ್ಲಿ ಗುಂಡನೆಯ ದಿಬ್ಬವೊಂದು ಉಬ್ಬಿ ನಿಲ್ಲುತ್ತದೆ. ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗಿರುವುದಿಲ್ಲ. ಬೆಳಕು ಮೇಲಿನಿಂದಲೇ ಬೀಳತಕ್ಕದ್ದೆಂದು ಭೂಮಿಯ ಮೇಲೆ ಹುಟ್ಟಿ ಬೆಳೆದ ಕಣ್ಣಿಗೆ ರೂಢಿಯಾಗಿರುವ ನಂಬಿಕೆಯೊಂದೇ ಈ ವಿಪರ್ಯಾಸಕ್ಕೆ ಕಾರಣ. ಒಂದೇ ಎಡೆಯಿಂದ ತೆಗೆದ ಚಿತ್ರವು ಪ್ರತಿಯೊಂದು ಬಿಂದುವೂ ಯಾವ ದಿಕ್ಕಿನಲ್ಲಿದೆಯೆಂಬುದನ್ನು ಹೇಳಬಲ್ಲುದೇ ಹೊರತು ಎಷ್ಟು ದೂರದಲ್ಲಿದೆಯೆಂಬುದನ್ನು ಹೇಳಲಾರದು. ಆ ದೂರವು ತಿಳಿಯಬೇಕಾದರೆ ಅದೇ ಬಿಂದುವನ್ನು ಬೇರೊಂದು ಎಡೆಯಿಂದ ನೋಡುವ ಎರಡನೆಯ ಕಣ್ಣೊಂದು ಬೇಕು. ಅನ್ಯಗ್ರಹಗಳ ಬೆಟ್ಟಕಣಿವೆಗಳನ್ನು ಅವುಗಳ ಉನ್ನತಿ ನಿಮ್ನತೆಗಳೊಡನೆ ಕಾಣಲು ಮನುಷ್ಯನು ಸಮರ್ಥನಾದ ಇತಿಹಾಸವನ್ನು ಓದಿದಷ್ಟೂ, ಅದೆಲ್ಲವೂ ಆ ಎರಡನೆಯ ಕಣ್ಣನ್ನು ಎಲ್ಲಿ ಇರಿಸಬೇಕು, ಹೇಗೆ ಇರಿಸಬೇಕು ಎಂಬ ಒಂದೇ ಚಿಂತೆಯ ಸುತ್ತ ಬೆಳೆದದ್ದೆಂದು ನನಗೆ ತೋರುತ್ತದೆ.

ಆ ಕಣ್ಣು ದೊರೆಯುವುದಕ್ಕೆ ಮುಂಚೆಯೂ ಚಂದ್ರನ ಪರ್ವತಗಳ ಎತ್ತರವನ್ನು ಅಳೆಯುವ ಯತ್ನಗಳು ನಡೆದಿದ್ದುವು. 1609ರ ಚಳಿಗಾಲದಲ್ಲಿ ತನ್ನ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿದ ಗೆಲಿಲಿಯೊ, ಬೆಳಕು ಕತ್ತಲೆಗಳ ಸೀಮಾರೇಖೆಯಿಂದಾಚೆಗೆ, ಇನ್ನೂ ಬೆಳಗಾಗದ ಪ್ರದೇಶದ ನಡುವೆ, ಒಂಟಿಯಾಗಿ ಬೆಳಗುವ ಬಿಂದುಗಳನ್ನು ಕಂಡು, ಇವು ಸೂರ್ಯೋದಯದ ಮೊದಲ ಕಿರಣಗಳನ್ನು ಪಡೆದ ಶಿಖರಗಳೇ ಇರಬೇಕೆಂದು ತರ್ಕಿಸಿ, ಸೀಮಾರೇಖೆಯಿಂದ ಅವುಗಳಿಗಿರುವ ದೂರದಿಂದ ಅವುಗಳ ಎತ್ತರವನ್ನು ಗಣಿಸಿದನು. ರೇಖಾಗಣಿತದ ಒಂದು ತ್ರಿಕೋನಕ್ಕಿಂತ ಹೆಚ್ಚಿನದೇನೂ ಇಲ್ಲದ ಈ ಯುಕ್ತಿಯು ಬಹುಕಾಲ ಖಗೋಳಜ್ಞರ ಕೈ ಹಿಡಿಯಿತು. ಆದರೆ ಅದು ಶಿಖರದ ತುದಿಯೊಂದನ್ನು ಅಳೆಯುವುದೇ ಹೊರತು, ಇಳಿಜಾರು ಎಲ್ಲಿ ಕಡಿದಾಗಿದೆ, ತಪ್ಪಲು ಎಲ್ಲಿ ಸಮತಲವನ್ನು ಸೇರುತ್ತದೆ ಎಂಬ, ಅಲ್ಲಿಗೆ ಹೋಗಿ ನಿಲ್ಲಬೇಕೆನ್ನುವವನಿಗೆ ಬಹುಮುಖ್ಯವಾದ ಸಂಗತಿಗಳನ್ನು ಹೇಳುವುದಿಲ್ಲ.

ವಿದ್ಯುತ್ ಪ್ರತಿರೋಧವನ್ನು ಅಳೆಯುವ ಸೇತುವೆಯ ಹೆಸರಿನಿಂದ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆಲ್ಲ ಪರಿಚಿತನಾದ ಚಾರ್ಲ್ಸ್ ವ್ಹೀಟ್‌ಸ್ಟನ್, 1838ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ, ಎರಡು ಕಣ್ಣುಗಳಿಗೆ ಕಾಣುವ ಎರಡು ನೋಟಗಳು ಪರಸ್ಪರ ಭಿನ್ನವಾಗಿರುವುದೇ ಘನತ್ವದ ಅರಿವಿಗೆ ಮೂಲವೆಂಬುದನ್ನು ಸಪ್ರಮಾಣವಾಗಿ ತೋರಿಸಿಕೊಟ್ಟನು. ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಹೊರಟವರಿಗೆಲ್ಲ ಈ ಸತ್ಯದ ಅನುಭವವು ಇದ್ದೇ ಇರುತ್ತದೆ. ಆದರೆ ಒಂದೇ ವಸ್ತುವನ್ನು ಎಡಗಣ್ಣು ಕಾಣುವಂತೆಯೂ ಬಲಗಣ್ಣು ಕಾಣುವಂತೆಯೂ ಪ್ರತ್ಯೇಕವಾಗಿ ರೇಖಿಸಿ, ಲಂಬಕೋನದಲ್ಲಿ ನಿಲ್ಲಿಸಿದ ಎರಡು ಕನ್ನಡಿಗಳ ಮೂಲಕ ಆಯಾ ಚಿತ್ರವನ್ನು ಆಯಾ ಕಣ್ಣಿಗೇ ಉಣಿಸಿ, ಕಾಗದದ ಮೇಲೆ ಇಲ್ಲದ ಆಳವನ್ನು ಮನಸ್ಸಿನಲ್ಲಿ ಮೂಡಿಸಿದವನು ವ್ಹೀಟ್‌ಸ್ಟನ್ನನೇ. ಮರುವರ್ಷವೇ ಛಾಯಾಚಿತ್ರಣ ವಿದ್ಯೆಯು ಲೋಕಕ್ಕೆ ಪ್ರಕಟವಾಯಿತು. 1849ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನು ಕನ್ನಡಿಗಳಿಗೆ ಬದಲಾಗಿ ಮಸೂರಗಳನ್ನು ಅಳವಡಿಸಿ ಕೈಯಲ್ಲಿ ಹಿಡಿಯಬಹುದಾದ ಸಣ್ಣ ಪೆಟ್ಟಿಗೆಯೊಂದನ್ನು ರೂಪಿಸಿದನು. 1851ರ ಲಂಡನ್ ಮಹಾಪ್ರದರ್ಶನದ ತರುವಾಯ ಸ್ಟೀರಿಯೊಸ್ಕೋಪೆಂಬ ಆ ಉಪಕರಣವು ಐರೋಪ್ಯ ಗೃಹಗಳ ನಡುಮನೆಯನ್ನು ಸೇರಿತು.

ದೂರದ ವಸ್ತುಗಳ ವಿಷಯದಲ್ಲಿ ಮಾತ್ರ ಈ ಉಪಾಯವು ತಾನಾಗಿ ಫಲಿಸುವಂತಿರಲಿಲ್ಲ. ನಮ್ಮ ಕಣ್ಣುಗಳ ನಡುವಣ ಅಂತರವು ಆರೂವರೆ ಸೆಂಟಿಮೀಟರಿನಷ್ಟು. ಚಂದ್ರನಾದರೋ ಸರಾಸರಿ 3,84,000 ಕಿಲೋಮೀಟರು ದೂರದವನು. ಭೂಗೋಲದ ಈ ತುದಿಯಲ್ಲೊಬ್ಬನೂ ಆ ತುದಿಯಲ್ಲೊಬ್ಬನೂ ನಿಂತು ಏಕಕಾಲದಲ್ಲಿ ಚಿತ್ರ ತೆಗೆದರೂ, ನಮ್ಮ ಸಿದ್ಧಾಂತಗ್ರಂಥಗಳು ಲಂಬನವೆಂದು ಕರೆದಿರುವ ಆ ತೋರಿಕೆಯ ಸ್ಥಾನಭೇದವು ಎರಡು ಡಿಗ್ರಿಗಳಿಗೆ ಸಾಲದು. ಇಲ್ಲಿ ಚಂದ್ರನೇ ಮನುಷ್ಯನ ನೆರವಿಗೆ ಬಂದನು. ಅವನು ಸದಾ ಒಂದೇ ಮುಖವನ್ನು ನಮಗೆ ತೋರುವನೆಂಬ ಮಾತು ಸ್ಥೂಲವಾಗಿ ಮಾತ್ರ ದಿಟ. ಅವನ ಕಕ್ಷೆಯು ದೀರ್ಘವೃತ್ತವಾಗಿರುವುದರಿಂದಲೂ ಅವನ ಅಕ್ಷವು ವಾಲಿರುವುದರಿಂದಲೂ ಆ ಮುಖವು ಪೂರ್ವಪಶ್ಚಿಮವಾಗಿ ಎಂಟು ಡಿಗ್ರಿಗಳ ಸಮೀಪದವರೆಗೂ, ಉತ್ತರದಕ್ಷಿಣವಾಗಿ ಆರೂವರೆ ಡಿಗ್ರಿಗಳಿಗಿಂತ ತುಸು ಹೆಚ್ಚಾಗಿಯೂ, ಮೆಲ್ಲನೆ ತೊನೆದಾಡುತ್ತಿರುತ್ತದೆ. ಲಂಡನ್ನಿನ ಕಾಗದದ ವ್ಯಾಪಾರಿಯೂ ಮುದ್ರಣೋದ್ಯಮಿಯೂ ಆಗಿದ್ದು, ಖಗೋಳವಿಜ್ಞಾನದ ಪ್ರೇಮದಿಂದ ಕ್ರ್ಯಾನ್‌ಫರ್ಡಿನಲ್ಲಿ ಸ್ವಂತ ವೇಧಶಾಲೆಯನ್ನು ಕಟ್ಟಿಸಿಕೊಂಡಿದ್ದ ವಾರೆನ್ ದ ಲಾ ರೂ ಈ ತೊನೆದಾಟವನ್ನೇ ತನ್ನ ಎರಡನೆಯ ಕಣ್ಣನ್ನಾಗಿ ಮಾಡಿಕೊಂಡನು. ಕಲೆ ಒಂದೇ ಆಗಿರಬೇಕು, ಬೆಳಕು ಒಂದೇ ಕಡೆಯಿಂದ ಬೀಳುತ್ತಿರಬೇಕು, ಆದರೆ ಮುಖವು ಮಾತ್ರ ತುಸು ಬೇರೆಯ ಕಡೆಗೆ ತಿರುಗಿರಬೇಕು. ಇಂಥ ಎರಡು ರಾತ್ರಿಗಳು ಒದಗಿಬರಲು ತಿಂಗಳುಗಟ್ಟಲೆ ಕಾಯಬೇಕಾಗಿದ್ದಿತು, ಒದಗಿದ ರಾತ್ರಿ ಇಂಗ್ಲೆಂಡಿನ ಆಕಾಶವು ನಿರ್ಮಲವಾಗಿರಬೇಕಾಗಿದ್ದಿತು, ಹಸಿಯ ಕೊಲೋಡಿಯನ್ ಲೇಪವು ಒಣಗುವುದರೊಳಗಾಗಿ ಗಾಜಿನ ಫಲಕವನ್ನು ಬೆಳಕಿಗೊಡ್ಡಿ ಸಂಸ್ಕರಿಸಬೇಕಾಗಿದ್ದಿತು. 1850ರ ದಶಕದ ಕೊನೆಯ ವರ್ಷಗಳಲ್ಲಿ ಅವನು ಹೀಗೆ ಸಂಪಾದಿಸಿದ ಜೋಡಿಚಿತ್ರಗಳನ್ನು ಸ್ಟೀರಿಯೊಸ್ಕೋಪಿನಲ್ಲಿಟ್ಟು ನೋಡಿದವರು, ಅನಾದಿಯಿಂದಲೂ ಚಪ್ಪಟೆಯ ತಟ್ಟೆಯಾಗಿಯೇ ಕಾಣುತ್ತಿದ್ದ ಚಂದ್ರನನ್ನು ಮೊತ್ತಮೊದಲು ಗೋಲವಾಗಿ ಕಂಡರು. ಹತ್ತು ಡಿಗ್ರಿಗಳ ಭೇದವುಳ್ಳ ಎರಡು ಚಿತ್ರಗಳನ್ನು ಹೀಗೆ ನೋಡುವುದೆಂದರೆ, ಅರವತ್ತು ಸಾವಿರ ಕಿಲೋಮೀಟರಿಗೂ ಮಿಕ್ಕ ಅಂತರದ ಕಣ್ಣುಗಳುಳ್ಳ ವಿರಾಟ್ಪುರುಷನೊಬ್ಬನ ದೃಷ್ಟಿಯನ್ನು ಕ್ಷಣಕಾಲ ಪಡೆದಂತೆ. ಗ್ರಹತಲವೊಂದನ್ನು ಘನರೂಪದಲ್ಲಿ ಕಾಣಿಸಿದ ಗೌರವವು ನ್ಯಾಯವಾಗಿ ಇವನಿಗೇ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಆಮೇಲೆ ಬಂದವರೆಲ್ಲರೂ ಇವನಿಗಿಂತ ಸಮೀಪಕ್ಕೆ ಹೋದರಷ್ಟೆ.

ಕಾಣುವುದು ಬೇರೆ, ಅಳೆಯುವುದು ಬೇರೆ. ಘನನೋಟವನ್ನು ಅಳತೆಗೋಲನ್ನಾಗಿ ಮಾರ್ಪಡಿಸಿದ ಕೀರ್ತಿಯು ಜರ್ಮನಿಯ ಯೇನಾ ಪಟ್ಟಣದ ಸೈಸ್ ಕಾರ್ಖಾನೆಯಲ್ಲಿದ್ದ ಕಾರ್ಲ್ ಪುಲ್‌ಫ್ರಿಶ್ ಎಂಬ ಭೌತವಿಜ್ಞಾನಿಗೆ ಸೇರಿದ್ದು. 1901ರಲ್ಲಿ ಅವನು ನಿರ್ಮಿಸಿದ ಸ್ಟೀರಿಯೊಕಂಪ್ಯಾರೇಟರ್ ಯಂತ್ರದಲ್ಲಿ, ಎಡಗಣ್ಣಿನ ನೋಟದಲ್ಲೊಂದು, ಬಲಗಣ್ಣಿನ ನೋಟದಲ್ಲೊಂದು, ಹೀಗೆ ಎರಡು ಸಣ್ಣ ಗುರುತುಗಳನ್ನಿಟ್ಟಿರುತ್ತಾರೆ. ಎರಡೂ ಮನಸ್ಸಿನಲ್ಲಿ ಒಂದಾಗಿ, ಚಿತ್ರಿತ ಭೂಭಾಗದ ಮೇಲಿನ ಅಂತರಿಕ್ಷದಲ್ಲಿ ತೇಲುವ ಒಂದೇ ಬಿಂದುವಾಗಿ ಕಾಣುತ್ತವೆ. ತಿರುಪನ್ನು ತಿರುಗಿಸಿದಂತೆ ಆ ಬಿಂದುವು ಏರುತ್ತದೆ, ಇಳಿಯುತ್ತದೆ. ಅದು ನೆಲವನ್ನು ಮುಟ್ಟಿತೆಂದು ಕಣ್ಣು ಹೇಳಿದಾಗ ತಿರುಪಿನ ಮೇಲಿನ ಅಂಕವನ್ನು ಓದಿಕೊಂಡರೆ ಆ ಸ್ಥಳದ ಎತ್ತರವು ದೊರಕುತ್ತದೆ. ನೆಲವನ್ನು ಬಿಡದಂತೆ ಬಿಂದುವನ್ನು ಒಂದೇ ಎತ್ತರದಲ್ಲಿ ನಡೆಸಿಕೊಂಡು ಹೋದರೆ ಅದರ ಜಾಡೇ ಸಮೋನ್ನತ ರೇಖೆಯಾಗುತ್ತದೆ. ಇಂಥ ಸೂಕ್ಷ್ಮದೃಷ್ಟಿಯ ವಿದ್ಯೆಯನ್ನು ಬೆಳೆಸಿದ ಪುಲ್‌ಫ್ರಿಶ್, 1906ರಲ್ಲಿ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡನೆಂಬುದನ್ನು ಓದಿದಾಗ ಮನಸ್ಸು ಮರುಗುತ್ತದೆ. ಒಂದು ಕಣ್ಣಿನ ಮುಂದೆ ಮಬ್ಬು ಗಾಜನ್ನು ಹಿಡಿದಾಗ, ಅತ್ತಿತ್ತ ತೂಗುವ ಲೋಲಕವು ಆಳದಲ್ಲಿಯೂ ಸುತ್ತುವಂತೆ ತೋರುವ, ಅವನ ಹೆಸರಿನಿಂದಲೇ ಪ್ರಸಿದ್ಧವಾಗಿರುವ ದೃಷ್ಟಿವೈಚಿತ್ರ್ಯವನ್ನು 1922ರಲ್ಲಿ ಅವನು ವಿವರಿಸಿದಾಗ ಅದನ್ನು ತಾನೇ ಕಾಣುವ ಭಾಗ್ಯವು ಅವನಿಗೆ ಉಳಿದಿರಲಿಲ್ಲ.

ಈ ವಿದ್ಯೆಯನ್ನು ವಿಮಾನವು ಆಕಾಶಕ್ಕೆ ಒಯ್ದಿತು. ಹಾರುತ್ತಿರುವ ವಿಮಾನದಿಂದ ಒಂದೊಂದು ಚಿತ್ರವೂ ಹಿಂದಿನದರ ನೂರಕ್ಕೆ ಅರವತ್ತು ಭಾಗವನ್ನು ಒಳಗೊಳ್ಳುವಂತೆ ಸಾಲಾಗಿ ತೆಗೆಯುತ್ತ ಹೋದರೆ, ನೆಲದ ಪ್ರತಿಯೊಂದು ಎಡೆಯೂ ಎರಡು ಸ್ಥಾನಗಳಿಂದ ಕಂಡಂತಾಗುತ್ತದೆ. ವಿಮಾನದ ಚಲನೆಯೇ ಎರಡನೆಯ ಕಣ್ಣು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಮೆಡ್ಮನ್‌ಹ್ಯಾಮ್ ಬಂಗಲೆಯಲ್ಲಿ ಕುಳಿತು ಶತ್ರುದೇಶದ ಜೋಡಿಚಿತ್ರಗಳನ್ನು ಸ್ಟೀರಿಯೊಸ್ಕೋಪಿನಡಿ ಶೋಧಿಸಿದವರ ಸಾಹಸವು ಪ್ರತ್ಯೇಕ ಗ್ರಂಥಕ್ಕೆ ತಕ್ಕ ವಿಷಯ. ನಮ್ಮ ಪ್ರಸ್ತುತಕ್ಕೆ ಬೇಕಾದ ಅಂಶವಿಷ್ಟೆ: ಯುದ್ಧವು ಮುಗಿಯುವ ಹೊತ್ತಿಗೆ, ಮನುಷ್ಯನು ಕಾಲಿಡದ ನೆಲದ ನಕ್ಷೆಯನ್ನು ಮೇಲಿನಿಂದಲೇ ಬರೆಯಬಲ್ಲ ಯಂತ್ರಗಳೂ ಕುಶಲಿಗಳೂ ಸಿದ್ಧರಾಗಿದ್ದರು.

1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯು ಆ ದಶಕದೊಳಗೆ ಮನುಷ್ಯನನ್ನು ಚಂದ್ರನ ಮೇಲಿಳಿಸುವ ಸಂಕಲ್ಪವನ್ನು ಸಾರಿದಾಗ, ಎಲ್ಲಿ ಇಳಿಸಬೇಕೆಂಬ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಭೂಮಿಯ ದೂರದರ್ಶಕಗಳಿಗೆ ಮನೆಯ ಗಾತ್ರದ ಬಂಡೆಯೂ ಗೋಚರವಲ್ಲ. ಇಳಿಯುವ ನೌಕೆಗಾದರೋ ಕೆಲವೇ ಡಿಗ್ರಿ ಹೆಚ್ಚಿನ ಇಳಿಜಾರೂ ಮೃತ್ಯುಸಮಾನ. ಈ ಕೊರತೆಯನ್ನು ತುಂಬಲು 1966ರ ಆಗಸ್ಟ್ ತಿಂಗಳಿಂದ ಮುಂದಿನ ಒಂದು ವರ್ಷದೊಳಗಾಗಿ ಲೂನಾರ್ ಆರ್ಬಿಟರ್ ಎಂಬ ಹೆಸರಿನ ಐದು ನೌಕೆಗಳು ಚಂದ್ರನ ಸುತ್ತ ಪರಿಭ್ರಮಿಸಿದುವು, ಐದೂ ಯಶಸ್ವಿಯಾದುವು. ಅವುಗಳ ಒಡಲಿನಲ್ಲಿ ನಡೆಯುತ್ತಿದ್ದ ಕಾರ್ಯವನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ. 80 ಮಿಲಿಮೀಟರಿನ ಮಸೂರವೊಂದು, 610 ಮಿಲಿಮೀಟರಿನ ಮಸೂರವೊಂದು, ಒಂದೇ ಫಿಲ್ಮ್ ಸುರುಳಿಯ ಮೇಲೆ ಏಕಕಾಲಕ್ಕೆ ಚಿತ್ರವನ್ನು ಮೂಡಿಸುತ್ತಿದ್ದುವು. ಆ ಫಿಲ್ಮನ್ನು ಅಂತರಿಕ್ಷದಲ್ಲಿಯೇ, ರಾಸಾಯನಿಕದಿಂದ ತೊಯ್ದ ಮತ್ತೊಂದು ಪಟ್ಟಿಯೊಡನೆ ಒತ್ತಿ ಸಂಸ್ಕರಿಸಿ, ಒಣಗಿಸಿ, ಸೂಕ್ಷ್ಮವಾದ ಬೆಳಕಿನ ಬಿಂದುವಿನಿಂದ ಗೆರೆಗೆರೆಯಾಗಿ ಓದಿ, ರೇಡಿಯೋ ಸಂಕೇತವನ್ನಾಗಿಸಿ ಭೂಮಿಗೆ ಕಳುಹಿಸಲಾಗುತ್ತಿದ್ದಿತು. ಒಂದು ಛಾಯಾಚಿತ್ರಶಾಲೆಯೇ ಚಂದ್ರನನ್ನು ಸುತ್ತುತ್ತಿದ್ದಿತೆಂದರೆ ಅತಿಶಯೋಕ್ತಿಯಲ್ಲ. ಒಂದರಮೇಲೊಂದು ಹೊದೆಯುವಂತೆ ತೆಗೆದ ಅದರ ಚಿತ್ರಗಳ ಜೋಡಿಗಳಿಂದ ಅಪೋಲೋ ಯಾತ್ರಿಕರ ಇಳಿದಾಣಗಳ ಉಬ್ಬುತಗ್ಗುಗಳನ್ನು ಪರೀಕ್ಷಿಸಲಾಯಿತು. ಜನಸಾಮಾನ್ಯರ ಮನಸ್ಸನ್ನು ಸೆಳೆದದ್ದು ಮಾತ್ರ ಜೋಡಿಯಲ್ಲದ ಒಂದು ಒಂಟಿ ಚಿತ್ರ. 1966ರ ನವೆಂಬರ್ 24ರಂದು ಎರಡನೆಯ ನೌಕೆಯು ಸುಮಾರು 45 ಕಿಲೋಮೀಟರು ಎತ್ತರದಲ್ಲಿದ್ದುಕೊಂಡು, 240 ಕಿಲೋಮೀಟರು ದೂರದ ಕೋಪರ್ನಿಕಸ್ ಕುಳಿಯನ್ನು ಓರೆಯಾಗಿ ನೋಡಿ ತೆಗೆದ ಆ ಚಿತ್ರದಲ್ಲಿ, 93 ಕಿಲೋಮೀಟರು ಅಗಲದ ಕುಳಿಯ ನಡುವಣ ಗುಡ್ಡಗಳೂ ಮೆಟ್ಟಿಲುಮೆಟ್ಟಿಲಾಗಿ ಕುಸಿದ ಅದರ ಗೋಡೆಗಳೂ ಪ್ರವಾಸಿಯೊಬ್ಬನು ಬೆಟ್ಟದ ನೆತ್ತಿಯಿಂದ ನೋಡಿದಂತೆ ಕಾಣಿಸಿದುವು. ಪತ್ರಿಕೆಗಳು ಅದನ್ನು ಶತಮಾನದ ಚಿತ್ರವೆಂದು ಕೊಂಡಾಡಿದುವು. ಚಂದ್ರನನ್ನು ನಕ್ಷೆಯಾಗಿ ಅಲ್ಲದೆ ನೆಲವಾಗಿ ಕಾಣಬೇಕೆಂಬ ಹಂಬಲವು ಎಷ್ಟು ಪ್ರಬಲವಾಗಿದ್ದಿತೆಂಬುದಕ್ಕೆ ಆ ಉತ್ಸಾಹವೇ ಸಾಕ್ಷಿ.

ಮುಂದಿನ ಹೆಜ್ಜೆಯನ್ನಿರಿಸಿದುದು ಅಪೋಲೋ 15, 16 ಮತ್ತು 17. ಇಬ್ಬರು ಯಾತ್ರಿಕರು ಕೆಳಗೆ ನಡೆದಾಡುತ್ತಿದ್ದಾಗ, ಮೇಲೆ ಏಕಾಂಗಿಯಾಗಿ ಸುತ್ತುತ್ತಿದ್ದ ಮೂರನೆಯವನ ನೌಕೆಯ ಪಕ್ಕದ ಅಂಕಣದಲ್ಲಿ, ಭೂಪಟರಚನೆಗೆಂದೇ ನಿರ್ಮಿತವಾದ ಕ್ಯಾಮೆರಾ ಒಂದೂ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಓರೆಯಾಗಿ ನೋಡುತ್ತ ವಿಶಾಲಪ್ರದೇಶವನ್ನು ಸೆರೆಹಿಡಿಯುವ ಪ್ಯಾನೊರಮಿಕ್ ಕ್ಯಾಮೆರಾ ಒಂದೂ ಕೆಲಸಮಾಡುತ್ತಿದ್ದುವು. ಮುನ್ನೋಟ ಹಿನ್ನೋಟಗಳ ನಡುವಣ ಕೋನವು 25 ಡಿಗ್ರಿ. ನೂರಕ್ಕೂ ಹೆಚ್ಚು ಕಿಲೋಮೀಟರು ಎತ್ತರದಿಂದ ಒಂದೆರಡು ಮೀಟರು ಗಾತ್ರದ ವಸ್ತುವನ್ನು ಅದು ಗುರುತಿಸಬಲ್ಲುದಾಗಿದ್ದಿತು. ಆದರೆ ಈ ಕ್ಯಾಮೆರಾಗಳಿದ್ದ ಸೇವಾಭಾಗವು ಭೂಮಿಗೆ ಮರಳತಕ್ಕದ್ದಲ್ಲ. ವಾಯುಮಂಡಲವನ್ನು ಹೊಗುವ ಮುನ್ನ ಅದನ್ನು ಕಳಚಿ ಬಿಸುಡಲೇಬೇಕು. ಎರಡು ಕಿಲೋಮೀಟರಿನಷ್ಟು ಉದ್ದದ ಆ ಫಿಲ್ಮನ್ನು ಉಳಿಸಿಕೊಳ್ಳಲು ಇದ್ದ ಮಾರ್ಗವೊಂದೇ, ಯಾತ್ರಿಕನೊಬ್ಬನು ಹೊರಗೆ ಹೋಗಿ ಅದನ್ನು ತರುವುದು. 1971ರ ಆಗಸ್ಟ್ 5ರಂದು, ಮರಳುವ ಹಾದಿಯಲ್ಲಿ, ಭೂಮಿಯಿಂದ ಮೂರು ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಆಲ್ಫ್ರೆಡ್ ವರ್ಡನ್ ನೌಕೆಯ ಬಾಗಿಲನ್ನು ತೆರೆದು ಹೊರಬಂದು, ಹಿಡಿಕಂಬಿಗಳನ್ನು ಹಿಡಿದು ಹಿಂದಕ್ಕೆ ಸಾಗಿ, ಫಿಲ್ಮ್ ಪೆಟ್ಟಿಗೆಗಳನ್ನು ಒಂದೊಂದಾಗಿ ತಂದು, ಬಾಗಿಲಲ್ಲಿ ನಿಂತಿದ್ದ ಜೇಮ್ಸ್ ಅರ್ವಿನನ ಕೈಗೆ ಒಪ್ಪಿಸಿದನು. ಯಾವುದೇ ಗ್ರಹದ ಸಮೀಪವೂ ಅಲ್ಲದ ಆಳದ ಅಂತರಿಕ್ಷದಲ್ಲಿ ಮನುಷ್ಯನು ನಡೆದುದು ಅದೇ ಮೊದಲು. ಮರುವರ್ಷ ಮ್ಯಾಟಿಂಗ್ಲಿಯೂ ಇವಾನ್ಸನೂ ಹೀಗೆಯೇ ಮಾಡಿದರು. ಚಂದ್ರನ ಮೇಲೆ ನಡೆದವರ ಹೆಸರುಗಳನ್ನು ಶಾಲೆಯ ಮಕ್ಕಳೂ ಬಲ್ಲರು. ಚಂದ್ರನ ಎತ್ತರತಗ್ಗುಗಳನ್ನು ಹೊತ್ತುತಂದ ಈ ಮೂವರ ಹೆಸರು ನಮ್ಮ ನೆನಪಿನಲ್ಲಿ ಇನ್ನೂ ದೊಡ್ಡ ಸ್ಥಾನವನ್ನು ಪಡೆಯಬೇಕಾಗಿದೆ.

ಮಂಗಳನ ವಿಷಯಕ್ಕೆ ಬಂದರೆ ಫಿಲ್ಮನ್ನು ಹೊತ್ತುತರುವವರು ಯಾರೂ ಇರಲಿಲ್ಲ. 1976ರ ಜೂನ್ ತಿಂಗಳಿನಲ್ಲಿ ಕಕ್ಷೆಯನ್ನು ಸೇರಿದ ವೈಕಿಂಗ್ ನೌಕೆಯು, ಅಮೆರಿಕದ ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ದಿನವಾದ ಜುಲೈ 4ರಂದು ತನ್ನ ಅವತರಣಭಾಗವನ್ನು ಇಳಿಸಬೇಕೆಂದಿದ್ದಿತು. ಆದರೆ ಮೇಲಿನಿಂದ ತೆಗೆದ ಚಿತ್ರಗಳು ಮೊದಲು ಆರಿಸಿದ್ದ ನೆಲವು ಕೊರಕಲಾಗಿಯೂ ಅಪಾಯಕರವಾಗಿಯೂ ಇದೆಯೆಂದು ತೋರಿಸಲು, ಉತ್ಸವದ ಮೋಹವನ್ನು ತೊರೆದು ಬೇರೆಯ ಜಾಗವನ್ನು ಹುಡುಕಿ, ಜುಲೈ 20ರಂದು ಇಳಿಸಿದರು. ತರುವಾಯದ ವರ್ಷಗಳಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫಿನ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯಲ್ಲಿ ಷರ್ಮನ್ ವು ಮತ್ತು ಅವರ ಸಂಗಡಿಗರು ವೈಕಿಂಗ್ ಚಿತ್ರಗಳನ್ನು ಜೋಡಿಗೂಡಿಸಿ, ತೇಲುವ ಬಿಂದುವನ್ನು ಮಂಗಳನ ಬೆಟ್ಟಗಳ ಮೇಲೆ ನಡೆಸಿ, ಆ ಗ್ರಹದ ಸಮೋನ್ನತ ನಕ್ಷೆಗಳನ್ನು ಬರೆದರು. ಈ ವಿಧಾನದ ಬಲವೂ ಮಿತಿಯೂ ಆ ನಕ್ಷೆಗಳಲ್ಲಿ ಒಟ್ಟಿಗೆ ಕಾಣುತ್ತವೆ. ನೆರೆಯ ನೆಲಕ್ಕಿಂತ ಈ ಬೆಟ್ಟವು ಎಷ್ಟು ಎತ್ತರವೆಂಬುದನ್ನು ಜೋಡಿಚಿತ್ರವು ಚೆನ್ನಾಗಿ ಹೇಳುತ್ತದೆ; ಇಡೀ ಗ್ರಹದ ಮಧ್ಯಮತಲದಿಂದ ಎಷ್ಟು ಎತ್ತರವೆಂದು ಹೇಳಬೇಕಾದರೆ, ಚಿತ್ರ ತೆಗೆದ ಕ್ಷಣದಲ್ಲಿ ನೌಕೆಯು ಎಲ್ಲಿದ್ದಿತು, ಯಾವ ಕಡೆಗೆ ವಾಲಿದ್ದಿತು ಎಂಬುದು ಕರಾರುವಾಕ್ಕಾಗಿ ತಿಳಿದಿರಬೇಕು; ಸಮುದ್ರವಿಲ್ಲದ ಮಂಗಳನಲ್ಲಿ ಸಮುದ್ರಮಟ್ಟವೆಂಬ ಆಧಾರವೂ ಇಲ್ಲ. ಒಲಿಂಪಸ್ ಮಹಾಜ್ವಾಲಾಮುಖಿಯ ಎತ್ತರವು ಆ ಕಾಲದ ನಕ್ಷೆಗಳಲ್ಲಿ 25 ಕಿಲೋಮೀಟರನ್ನು ಮೀರಿದ್ದುದು, 1990ರ ದಶಕದ ಕೊನೆಯಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯ ಲೇಸರ್ ಉನ್ನತಿಮಾಪಕವು ನೇರವಾಗಿ ಅಳೆದಾಗ 22 ಕಿಲೋಮೀಟರಿನ ಆಸುಪಾಸಿಗೆ ಇಳಿಯಿತು. ಅಂದಿನಿಂದ ಲೇಸರಿನ ಅಂಕಗಳು ಆಧಾರಸ್ತಂಭಗಳಾಗಿಯೂ, ಅವುಗಳ ನಡುವಣ ವಿವರವನ್ನು ತುಂಬುವ ಕಾರ್ಯವು ಜೋಡಿಚಿತ್ರಗಳದಾಗಿಯೂ ವಿಭಾಗವಾಯಿತು.

ಶುಕ್ರನು ಮೋಡದ ದಟ್ಟ ಹೊದಿಕೆಯೊಳಗೆ ಅವಿತಿರುವವನು. ಅಲ್ಲಿ ಬೆಳಕಿನ ಕ್ಯಾಮೆರಾ ನಿರುಪಯುಕ್ತ. 1990ರ ಆಗಸ್ಟಿನಲ್ಲಿ ಶುಕ್ರನನ್ನು ಸೇರಿದ ಮ್ಯಾಗೆಲ್ಲನ್ ನೌಕೆಯು ರೇಡಾರಿನ ತರಂಗಗಳನ್ನು ಓರೆಯಾಗಿ ಬೀರಿ, ಮರುದನಿಗಳಿಂದ ನೆಲದ ಚಿತ್ರವನ್ನು ಕಟ್ಟಿತು. ಈ ಚಿತ್ರಗಳಲ್ಲಿ ಶಿಖರವು ರೇಡಾರಿಗೆ ಹೆಚ್ಚು ಸಮೀಪವಾಗಿರುವುದರಿಂದ ಅದರ ಮರುದನಿಯು ಮೊದಲೇ ಬಂದು ಸೇರಿ, ಬೆಟ್ಟದ ತುದಿಯು ನೌಕೆಯ ಕಡೆಗೆ ವಾಲಿದಂತೆ ಕಾಣುತ್ತದೆ. ವಾಲುವಿಕೆಯ ಪ್ರಮಾಣವು ಓರೆಯ ಕೋನವನ್ನು ಅವಲಂಬಿಸಿರುತ್ತದೆ. ಮೊದಲನೆಯ ಆವೃತ್ತಿಯಲ್ಲಿ ಎಡಗಡೆಗೆ, ಎರಡನೆಯದರಲ್ಲಿ ಬಲಗಡೆಗೆ ನೋಡಿದ ನೌಕೆಯನ್ನು 1992ರ ಮೂರನೆಯ ಆವೃತ್ತಿಯಲ್ಲಿ ಮತ್ತೆ ಎಡಗಡೆಗೇ, ಆದರೆ ಭಿನ್ನವಾದ ಕೋನದಲ್ಲಿ, ನೋಡುವಂತೆ ಮಾಡಿದರು. ಎದುರುಬದುರು ಕಡೆಗಳಿಂದ ನೋಡಿದ ಚಿತ್ರಗಳಲ್ಲಿ ಹೊಳೆಯುವ ಇಳಿಜಾರುಗಳು ಅದಲುಬದಲಾಗಿ ಮನಸ್ಸು ಅವನ್ನು ಒಂದುಗೂಡಿಸಲು ಒಲ್ಲದು. ಒಂದೇ ಕಡೆಯ ಎರಡು ಕೋನಗಳನ್ನಾದರೋ ಸುಲಭವಾಗಿ ಬೆಸೆಯುತ್ತದೆ. ಎರಡನೆಯ ಕಣ್ಣು ತೀರ ದೂರವಾದರೂ ಕೆಡುಕೇ ಎಂಬುದನ್ನು ಶುಕ್ರನು ಕಲಿಸಿದನು.

ಮಂಗಳ ಶುಕ್ರರ ವಿಷಯದಲ್ಲಿ ಇಷ್ಟುಕಾಲವೂ ಎರಡನೆಯ ನೋಟಕ್ಕಾಗಿ ಕಾಯಬೇಕಾಗಿದ್ದಿತು. ಕಾಯುವಷ್ಟರಲ್ಲಿ ಸೂರ್ಯನು ಸರಿಯುತ್ತಾನೆ, ನೆರಳು ತಿರುಗುತ್ತದೆ, ಮಂಗಳನಲ್ಲಾದರೆ ಧೂಳೇಳುತ್ತದೆ. ಬದಲಾದ ನೆರಳನ್ನು ಯಂತ್ರವು ಬದಲಾದ ನೆಲವೆಂದು ಭ್ರಮಿಸುತ್ತದೆ. ಒಂದೇ ಹಾರಾಟದಲ್ಲಿ ಎಲ್ಲ ನೋಟಗಳನ್ನೂ ಪಡೆಯುವ ಉಪಾಯವನ್ನು ಮಂಗಳನಿಗೆ ಒಯ್ಯಲು ಜರ್ಮನ್ ವಿಜ್ಞಾನಿ ಗೆರ್ಹಾರ್ಡ್ ನೊಯ್ಕುಮ್ ಅವರು ಪಟ್ಟ ಶ್ರಮವು ಸಾಮಾನ್ಯವಾದುದಲ್ಲ. ನೌಕೆಯ ಗತಿಗೆ ಅಡ್ಡಲಾಗಿ ಸಾಲುಸಾಲಾಗಿ ಜೋಡಿಸಿದ ಒಂಬತ್ತು ಸಂವೇದಕರೇಖೆಗಳು, ಕೆಲವು ಮುಂದಕ್ಕೆ, ಕೆಲವು ನೇರ ಕೆಳಕ್ಕೆ, ಕೆಲವು ಹಿಂದಕ್ಕೆ ನೋಡುತ್ತ, ಒಂದೇ ನೆಲವನ್ನು ಒಂದಾದಮೇಲೊಂದರಂತೆ ಗುಡಿಸಿಕೊಂಡು ಹೋಗುವ ಆ ಕ್ಯಾಮೆರಾವನ್ನು ಮೊದಲು ರಷ್ಯದ ಮಾರ್ಸ್ 96 ನೌಕೆಯಲ್ಲಿಟ್ಟು ಕಳುಹಿಸಿದರು. 1996ರ ನವೆಂಬರ್ 16ರಂದು ಹೊರಟ ಆ ನೌಕೆಯು ಭೂಮಿಯ ಹಿಡಿತವನ್ನೇ ದಾಟಲಾರದೆ ಬಿದ್ದು ನಾಶವಾಯಿತು. ಎದೆಗುಂದದ ನೊಯ್ಕುಮ್ ಅವರ ತಂಡವು ಅದರ ಜೊತೆಗಾರ ಕ್ಯಾಮೆರಾವನ್ನು ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಗೆ ಅಳವಡಿಸಿತು. 2003ರ ಕ್ರಿಸ್ಮಸ್ ದಿನದಂದು ಅದು ಮಂಗಳನ ಕಕ್ಷೆಯನ್ನು ಸೇರಿತು. ಒಂದು ಪಿಕ್ಸೆಲಿಗೆ ಹತ್ತು ಮೀಟರಿನಷ್ಟು ಸೂಕ್ಷ್ಮವಾದ, ಬಣ್ಣವನ್ನೂ ಎತ್ತರವನ್ನೂ ಒಟ್ಟಿಗೆ ತಿಳಿಸುವ ಅದರ ಚಿತ್ರಪಟ್ಟಿಗಳಿಂದ ಮಂಗಳನ ಕಂದರಗಳು ಪ್ರಯಾಣಿಕನ ಕಣ್ಣಿಗೆ ತೆರೆದಂತೆ ತೆರೆದುಕೊಂಡುವು.

ನಮ್ಮ ದೇಶದಲ್ಲಿ ಈ ವಿದ್ಯೆಯು ಮೊದಲು ಭೂಮಿಯನ್ನೇ ನೋಡಿ ಪಳಗಿತು. 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿದ ಕಾರ್ಟೊಸ್ಯಾಟ್ 1 ಉಪಗ್ರಹವು, 26 ಡಿಗ್ರಿ ಮುಂದಕ್ಕೆ ನೋಡುವ ಕ್ಯಾಮೆರಾವೊಂದನ್ನೂ 5 ಡಿಗ್ರಿ ಹಿಂದಕ್ಕೆ ನೋಡುವ ಮತ್ತೊಂದನ್ನೂ ಹೊತ್ತು, ಎರಡೂವರೆ ಮೀಟರು ಸೂಕ್ಷ್ಮತೆಯ ಜೋಡಿಚಿತ್ರಗಳನ್ನು ಒಂದೇ ಹಾದಿಯಲ್ಲಿ ತೆಗೆಯಿತು. ಮೂರು ವರ್ಷಗಳ ಬಳಿಕ, 2008ರ ಅಕ್ಟೋಬರ್ 22ರಂದು, ಚಂದ್ರಯಾನ 1 ಹೊರಟಾಗ ಅದರೊಳಗೆ ಅಹಮದಾಬಾದಿನ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರ್ ನಿರ್ಮಿಸಿದ ಭೂರಚನಾ ಕ್ಯಾಮೆರಾ ಇದ್ದಿತು. ಹಾಸನ ಜಿಲ್ಲೆಯಲ್ಲಿ ಜನಿಸಿ, ಬೆಂಗಳೂರಿನಲ್ಲಿ ವ್ಯಾಸಂಗ ಮಾಡಿ, ಮುಂದೆ ಇಸ್ರೋ ಸಂಸ್ಥೆಯ ಅಧ್ಯಕ್ಷರಾದ ಎ. ಎಸ್. ಕಿರಣ್ ಕುಮಾರ್ ಅವರು ಈ ಎರಡೂ ನೌಕೆಗಳ ಕ್ಯಾಮೆರಾಗಳ ನಿರ್ಮಾಣದಲ್ಲಿ ಪ್ರಮುಖ ಪಾತ್ರವನ್ನು ವಹಿಸಿದವರು. ಏಳು ಕಿಲೋಗ್ರಾಮನ್ನೂ ಮುಟ್ಟದ ತೂಕದ ಆ ಉಪಕರಣದಲ್ಲಿ ಮೂರು ಸಂವೇದಕರೇಖೆಗಳು: ಒಂದು ನೇರ ಕೆಳಕ್ಕೆ, ಒಂದು 25 ಡಿಗ್ರಿ ಮುಂದಕ್ಕೆ, ಒಂದು 25 ಡಿಗ್ರಿ ಹಿಂದಕ್ಕೆ. ನೂರು ಕಿಲೋಮೀಟರು ಎತ್ತರದ ಕಕ್ಷೆಯಲ್ಲಿ ಮುನ್ನೋಟವು ಕಂಡ ನೆಲವನ್ನೇ ಹಿನ್ನೋಟವು ಸುಮಾರು ಒಂದು ನಿಮಿಷದ ತರುವಾಯ ಕಾಣುತ್ತದೆ; ಆ ಒಂದು ನಿಮಿಷದಲ್ಲಿ ನೌಕೆಯು ತೊಂಬತ್ತು ಕಿಲೋಮೀಟರಿಗೂ ಹೆಚ್ಚು ಸಾಗಿರುತ್ತದೆ, ಎಂದರೆ ಕಣ್ಣುಗಳ ನಡುವಣ ಅಂತರವು ಹೆಚ್ಚುಕಡಿಮೆ ನೌಕೆಯ ಎತ್ತರದಷ್ಟೇ ಆಗಿರುತ್ತದೆ. ಎತ್ತರದ ಅಳತೆಗೆ ಇದಕ್ಕಿಂತ ಅನುಕೂಲವಾದ ತ್ರಿಕೋನವು ದೊರೆಯುವುದು ಅಪರೂಪ. ಇಪ್ಪತ್ತು ಕಿಲೋಮೀಟರು ಅಗಲದ, ಐದು ಮೀಟರು ಸೂಕ್ಷ್ಮತೆಯ ಪಟ್ಟಿಗಳು ಹೀಗೆ ಮೂರು ಮೂರಾಗಿ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ, 32 ಮೀಟರು ವ್ಯಾಸದ ಆಂಟೆನಾದ ಬಟ್ಟಲಿಗೆ ಬಂದಿಳಿದುವು.

ಎರಡು ವರ್ಷ ಬಾಳಬೇಕಾಗಿದ್ದ ನೌಕೆಯು, ದಿಕ್ಕನ್ನು ತಿಳಿಸುವ ನಕ್ಷತ್ರಸಂವೇದಕಗಳು ಕೆಟ್ಟ ಮೇಲೆಯೂ ಶಕ್ತಿಮೀರಿ ದುಡಿದು, 312 ದಿನಗಳ ತರುವಾಯ, 2009ರ ಆಗಸ್ಟ್ 29ರಂದು ಮೌನವಾಯಿತು. ಚಂದ್ರನ ಸಂಪೂರ್ಣ ನಕ್ಷೆಯು ಅದರಿಂದ ಪೂರೈಸಲಿಲ್ಲ. ಆದರೂ ಅದು ಬಿಟ್ಟುಹೋದ ಜೋಡಿಚಿತ್ರಗಳನ್ನು ಪರಿಶೀಲಿಸುತ್ತಿದ್ದ ಅಹಮದಾಬಾದಿನ ಸಂಶೋಧಕರು, ಬಿರುಗಾಳಿಯ ಸಾಗರವೆಂಬ ಬಯಲಿನಲ್ಲಿ, ಪುರಾತನ ಲಾವಾಪ್ರವಾಹದ ಕಾಲುವೆಯೊಂದು ಎರಡು ಕಡೆಗಳಲ್ಲಿ ಕುಸಿದು ತೆರೆದುಕೊಂಡಿದ್ದರೂ, ನಡುವೆ 1.7 ಕಿಲೋಮೀಟರಿನಷ್ಟು ಉದ್ದಕ್ಕೆ ಅದರ ಛಾವಣಿಯು ಕುಸಿಯದೆ ನಿಂತಿರುವುದನ್ನು ಗುರುತಿಸಿ 2011ರಲ್ಲಿ ಪ್ರಕಟಿಸಿದರು. ಒಂಟಿ ಚಿತ್ರದಲ್ಲಿ ಅದು ಎರಡು ಬಿಡಿ ಹಳ್ಳಗಳಾಗಿಯೇ ಉಳಿದುಹೋಗಬಹುದಾಗಿದ್ದಿತು; ಹಳ್ಳಗಳ ತಳವೂ ನಡುವಣ ನೆಲದ ಉಬ್ಬೂ ಅಳತೆಗೆ ಸಿಕ್ಕಿದುದರಿಂದಲೇ ಒಳಗೊಂದು ಗುಹೆಯಿರುವುದು ಊಹೆಗೆ ನಿಲುಕಿತು. ಮುಂದೆ ಚಂದ್ರನಲ್ಲಿ ನೆಲಸಹೊರಡುವವರು ವಿಕಿರಣದಿಂದಲೂ ಉಲ್ಕೆಗಳಿಂದಲೂ ರಕ್ಷಣೆಯನ್ನು ಬಯಸಿದರೆ ಇಂಥ ಗುಹೆಗಳೇ ಅವರಿಗೆ ಆಶ್ರಯವಾಗಬಲ್ಲುವು.

ಈ ನಡುವೆ 2006ರಲ್ಲಿ ಮಂಗಳನನ್ನು ಸೇರಿದ ಮಾರ್ಸ್ ರೆಕನೈಸೆನ್ಸ್ ಆರ್ಬಿಟರಿನ ಹೈರೈಸ್ ಕ್ಯಾಮೆರಾ ಮತ್ತೆ ಹಳೆಯ ಮಾರ್ಗವನ್ನೇ ಹಿಡಿಯಿತು. ಮುನ್ನೂರು ಕಿಲೋಮೀಟರು ಎತ್ತರದಿಂದ ಒಂದು ಮೊಳಕ್ಕಿಂತ ಚಿಕ್ಕದಾದ ವಿವರವನ್ನು ಕಾಣುವಷ್ಟು ದೊಡ್ಡ ದೂರದರ್ಶಕವನ್ನು ಎರಡಾಗಿ ಒಯ್ಯುವುದು ಸಾಧ್ಯವಿಲ್ಲದ್ದರಿಂದ, ಒಂದು ಸುತ್ತಿನಲ್ಲಿ ನೋಡಿದ ನೆಲವನ್ನೇ ದಿನಗಳೋ ವಾರಗಳೋ ಕಳೆದ ಮೇಲೆ ನೌಕೆಯನ್ನೇ ಪಕ್ಕಕ್ಕೆ ವಾಲಿಸಿ ಇನ್ನೊಮ್ಮೆ ನೋಡಬೇಕು. ಹೀಗೆ ದೊರೆತ ಜೋಡಿಗಳಿಂದ ಒಂದೊಂದು ಮೀಟರಿಗೆ ಒಂದೊಂದು ಎತ್ತರವನ್ನು ತಿಳಿಸುವ ಮಾದರಿಗಳನ್ನು ಸಿದ್ಧಪಡಿಸಿ, ಕ್ಯೂರಿಯಾಸಿಟಿ ರೋವರನ್ನು ಗೇಲ್ ಕುಳಿಯಲ್ಲಿಯೂ ಪರ್ಸಿವರೆನ್ಸ್ ರೋವರನ್ನು ಜೆಜೆರೊ ಕುಳಿಯಲ್ಲಿಯೂ ಇಳಿಸುವ ಮುನ್ನ ಇಳಿಜಾರುಗಳನ್ನು ಅಳೆದುನೋಡಿದರು. ಎರಡು ಚಿತ್ರಗಳಲ್ಲಿಯೂ ಒಂದೇ ಕಲ್ಲನ್ನು ಗುರುತಿಸುವ ಕಾರ್ಯವು ಈಗ ಮುಖ್ಯವಾಗಿ ಗಣಕಯಂತ್ರದ್ದು. ಆದರೆ ಗುರುತೇ ಇಲ್ಲದ ಮರಳಿನ ಬಯಲಿನಲ್ಲಿಯೂ, ಸೂರ್ಯನನ್ನು ಎಂದೂ ಕಾಣದ ಚಂದ್ರಧ್ರುವಗಳ ಕುಳಿತಳಗಳಲ್ಲಿಯೂ ಅದು ದಾರಿತಪ್ಪುತ್ತದೆ. ಆಗ ಜರ್ಮನಿಯ ವಿಲ್ಹೆಲ್ಮ್ ರೋಲ್ಮನನು 1853ರಲ್ಲಿ ಸೂಚಿಸಿದ ಉಪಾಯದಂತೆ ಒಂದು ನೋಟವನ್ನು ಕೆಂಪಿನಲ್ಲಿಯೂ ಇನ್ನೊಂದನ್ನು ನೀಲಿಹಸುರಿನಲ್ಲಿಯೂ ಒಂದರಮೇಲೊಂದು ಮುದ್ರಿಸಿ, ಎರಡು ಬಣ್ಣದ ಗಾಜುಗಳ ಕನ್ನಡಕದಿಂದ ನೋಡುವ ತಜ್ಞನ ಕಣ್ಣು ಯಂತ್ರದ ತಪ್ಪನ್ನು ಹಿಡಿಯುತ್ತದೆ. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಗ್ರಹಗಳ ಬೆಟ್ಟಗಳನ್ನು ಜನರಿಗೆ ತೋರಿಸುವಾಗ ಎತ್ತರವನ್ನು ಹಲವು ಪಟ್ಟು ಹಿಗ್ಗಿಸುವ ವಾಡಿಕೆಯು ಮ್ಯಾಗೆಲ್ಲನ್ನಿನ ಕಾಲದಿಂದಲೂ ಬಂದಿದೆ. ಶುಕ್ರನ ಮಾಟ್ ಪರ್ವತವು ಆ ಚಿತ್ರಗಳಲ್ಲಿ ಮೊನಚಾದ ಶಿಖರವಾಗಿ ಕಂಡರೂ ದಿಟದಲ್ಲಿ ಅದು ವಿಶಾಲವಾಗಿ ಹರಡಿದ ಮಂದವಾದ ಇಳಿಜಾರು. ಹಿಗ್ಗಿಸಿದ ಪ್ರಮಾಣವನ್ನು ಚಿತ್ರದ ಅಡಿಯಲ್ಲಿಯೇ ದೊಡ್ಡಕ್ಷರದಲ್ಲಿ ಬರೆಯುವುದು ಕರ್ತವ್ಯ. ಅಷ್ಟು ಕಷ್ಟದಿಂದ ಸಂಪಾದಿಸಿದ ಸತ್ಯವನ್ನು ಅಲಂಕಾರಕ್ಕಾಗಿ ತೊರೆಯುವುದು ನ್ಯಾಯವಲ್ಲ.

2019ರಲ್ಲಿ ಹೊರಟ ಚಂದ್ರಯಾನ 2ರ ಕಕ್ಷಾನೌಕೆಯು, ಭೂರಚನಾ ಕ್ಯಾಮೆರಾದ ಎರಡನೆಯ ಅವತಾರವನ್ನಲ್ಲದೆ, ನೂರು ಕಿಲೋಮೀಟರು ಎತ್ತರದಿಂದ ಮೂವತ್ತು ಸೆಂಟಿಮೀಟರಿನಷ್ಟು ವಿವರವನ್ನು ಕಾಣಬಲ್ಲ ಇನ್ನೊಂದು ಕ್ಯಾಮೆರಾವನ್ನೂ ಹೊತ್ತೊಯ್ದಿತು. ಇಳಿದಾಣವನ್ನು ಎರಡು ಕೋನಗಳಿಂದ ನೋಡಿ ಅದರ ಎತ್ತರದ ಮಾದರಿಯನ್ನು ರಚಿಸುವುದು ಅದರ ಉದ್ದೇಶಗಳಲ್ಲೊಂದು. ಆ ವರ್ಷದ ಸೆಪ್ಟೆಂಬರ್ 7ರಂದು ವಿಕ್ರಮ್ ಅವತರಣನೌಕೆಯು ಕೊನೆಯ ಘಟ್ಟದಲ್ಲಿ ಅಪ್ಪಳಿಸಿ ಒಡೆದರೂ ಕಕ್ಷಾನೌಕೆಯು ಉಳಿಯಿತು, ನೋಡುತ್ತಲೇ ಇದ್ದಿತು. ನಾಲ್ಕು ವರ್ಷಗಳ ತರುವಾಯ ಅದು ಕಂಡ ನೆಲದಲ್ಲಿಯೇ, ದಕ್ಷಿಣ ಅಕ್ಷಾಂಶ 69 ಡಿಗ್ರಿಗಳ ಸಮೀಪದಲ್ಲಿ, ನಾಲ್ಕು ಕಿಲೋಮೀಟರು ಉದ್ದ ಎರಡೂವರೆ ಕಿಲೋಮೀಟರಿನಷ್ಟು ಅಗಲದ ತುಣುಕೊಂದನ್ನು ಆರಿಸಿ, 2023ರ ಆಗಸ್ಟ್ 23ರ ಸಂಜೆ ಬೆಂಗಳೂರಿನ ನಿಯಂತ್ರಣಕೇಂದ್ರದ ನಿಗಾದಲ್ಲಿ ಚಂದ್ರಯಾನ 3ರ, ಅದೇ ವಿಕ್ರಮ್ ಹೆಸರಿನ, ಅವತರಣನೌಕೆಯು ಇಳಿಯಿತು. ಎರಡು ವಾರ ಕಳೆಯುವುದರೊಳಗಾಗಿ, ಅದರೊಳಗಿಂದ ನೆಲಕ್ಕಿಳಿದ ಪ್ರಜ್ಞಾನ್ ರೋವರಿನ ಮುಂಭಾಗದಲ್ಲಿ ಅಕ್ಕಪಕ್ಕದಲ್ಲಿ ಕೂಡಿಸಿದ ಎರಡು ಕ್ಯಾಮೆರಾಗಳು ತೆಗೆದ ಎಡ ಬಲ ನೋಟಗಳನ್ನು ಸೇರಿಸಿ, ವಿಕ್ರಮ್ ನೌಕೆಯನ್ನೂ ಅದರ ಸುತ್ತಣ ನೆಲವನ್ನೂ ಘನರೂಪದಲ್ಲಿ ತೋರುವ ಕೆಂಪು ನೀಲಿಹಸುರು ಚಿತ್ರವೊಂದನ್ನು ಇಸ್ರೋ ಸಾರ್ವಜನಿಕರಿಗಾಗಿ ಪ್ರಕಟಿಸಿತು.